ಕಾಯಿ ಹಿಡಿಯುವುದನ್ನು ಬಿಟ್ಟ ತಾತ

ಅಂಗೈ ಮೇಲೆ ಮಲಗಿದ್ದ ತೆಂಗಿನಕಾಯಿ ಎದ್ದು ನಿಲ್ಲುವುದಕ್ಕೆ ಒಂದು ಗಳಿಗೆ ಮುಂಚೆ ತಾತನ ಎಡಗಣ್ಣಿನ ರೆಪ್ಪೆ ಪಟಪಟನೆ ಹೊಡೆದುಕೊಳ್ಳುತ್ತಿತ್ತು. ಕಾಯಿ ನಿಂತ ಕಡೆ ನೆಲದಡಿ ನೀರಿದೆ ಎಂದು ಸುಣ್ಣದ ಗುರುತು ಹಾಕಿ, “ಇಲ್ಲಿ ಕೊರ್ಸಪ್ಪ” ಅನ್ನುತ್ತಿದ್ದರು. ಕೆಂಚಾರ್ಲಹಳ್ಳಿ ಕಡೆಯ ನಮ್ಮೂರಲ್ಲಿ ಅವರು ಎಲ್ಲರ ಪಾಯಿಂಟ್ ತಾತ. ಸುತ್ತಮುತ್ತ ಅವರನ್ನು ಕರೆಸದೆ ಯಾರೂ ಬೋರ್‌ವೆಲ್ ಕೊರೆಸುತ್ತಿರಲಿಲ್ಲ. ತಾತನಿಗೆ ಜಂಬವೂ ಇತ್ತೆನ್ನಿ. ಕಾಫಿ ಕೊಟ್ಟರೆ ಮೀಸೆ ತಿರುವಿಕೊಂಡೇ ಕುಡಿಯುತ್ತಿದ್ದರು.

ಅಂಥವರು ಕಾಯಿ ಹಿಡಿಯುವುದನ್ನೇ ಬಿಟ್ಟರು. ಅವರು ತೋರಿಸಿದ ಜಾಗದಲ್ಲಿ ಒಬ್ಬರಿಗೆ ನೀರು ಉಕ್ಕಿತು, ವಾರದೊಳಗೆ ಪಕ್ಕದ ಹೊಲದ ವಿಧವೆಯ ಬೋರ್ ಬತ್ತಿತು. ಆಕೆ ಬೈಯಲಿಲ್ಲ. “ನಂಗೂ ಒಂದ್ ಪಾಯಿಂಟ್ ತೋರ್ಸಿ ತಾತ, ಇನ್ನೂ ಆಳಕ್ಕೆ ಹೋಗಣ” ಅಂದಳಂತೆ. ಅವತ್ತು ತಾತ ನಮ್ಮನೆ ಜಗಲಿಗೆ ಬಂದು ಕೂತು, “ನಾನು ತೋರ್ಸಿದ್ದೆಲ್ಲಾ ಪಕ್ಕದೋರ ನೀರೇ ಕಣಮ್ಮ” ಅಂದರು. ನಾನು ಚಿಂತಾಮಣಿಯ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಕಾಫಿ ತಂದುಕೊಟ್ಟರೆ ತಾತ ಮೀಸೆ ಮುಟ್ಟದೆ ಕುಡಿದರು.

ಆಮೇಲೆ ತಾತ ಮನೆಮನೆ ತಿರುಗಿ ನೀರಿನ ಕೂಟ ಕಟ್ಟಿದರು. ಹೊಸ ಬೋರ್ ಬೇಡ. ಇರುವ ನೀರನ್ನು ಸರದಿ ಮೇಲೆ ಎಲ್ಲರ ಹೊಲಕ್ಕೂ ಬಿಡುವುದು. ಅಮಾವಾಸ್ಯೆ ದಿನ ಯಾರೂ ಉಳುವುದಿಲ್ಲವಾದ್ದರಿಂದ ಅವತ್ತೇ ಅರಳಿಕಟ್ಟೆಯಲ್ಲಿ ಸಭೆ. ಪಕ್ಷದ ಶಾಲು ಹೊದ್ದು ಬಂದವರು ಅದನ್ನು ಮಡಚಿ ಚಪ್ಪಲಿ ಪಕ್ಕ ಇಟ್ಟೇ ಕಟ್ಟೆ ಹತ್ತಬೇಕು. ಎಲ್ಲರೂ ಒಪ್ಪುವ ತನಕ ಯಾರೂ ಏಳುವಂತಿಲ್ಲ. ಎರಡು ವರ್ಷ ಇದು ನಡೆಯಿತು. ಆ ವಿಧವೆಯ ಹಿಪ್ಪುನೇರಳೆ ಕೂಡ ಚಿಗುರಿತು.

ಪಂಚಾಯ್ತಿ ಚುನಾವಣೆ ಬಂದಾಗ ಯಾರೋ, “ತಾತ, ನೀವೇ ನಿಂತ್ಕೊಳ್ಳಿ” ಅಂದರು. “ಥೂ, ಆ ಕೊಚ್ಚೆಗೆ ನಾವ್ಯಾಕಪ್ಪಾ ಇಳಿಯಣ?” ಅಂದರು ತಾತ. ಕೂಟದವರೆಲ್ಲ ತಲೆಯಾಡಿಸಿದೆವು. ಎಲ್ಲರಿಗಿಂತ ಜೋರಾಗಿ ಆಡಿಸಿದವಳು ನಾನೇ. ನಾವು ಶುದ್ಧವಾಗಿದ್ದರೆ ಸಾಕು ಅಂದುಕೊಂಡಿದ್ದು ನಮ್ಮ ದಡ್ಡತನ.

ಚುನಾವಣೆ ಗೆದ್ದವನು ತನಗೆ ಓಟು ಹಾಕಿದವರಿಗೆ ಬೋರ್ ಕೊರೆಸಿಕೊಡಲು ಹೊರಟ. ಮೊದಲನೆಯದು ನಮ್ಮಣ್ಣನ ಹೊಲಕ್ಕೆ. ಕೂಟದಲ್ಲಿ ಕೂತು ಒಪ್ಪಿದ್ದ ಅಣ್ಣ, ಪುಕ್ಕಟೆ ಅಂದೊಡನೆ ಹಲ್ಲು ಕಿರಿದ. ಲಾರಿ ಬಂದು ನಿಂತಾಗ ತಾತ ಅಣ್ಣನ ಜೊತೆ ಜಗಳಕ್ಕೆ ಹೋಗಲಿಲ್ಲ, ನನ್ನ ಹತ್ತಿರ ಬಂದರು.

“ನೀನಾದ್ರೂ ಬೇಡ ಅನ್ನಮ್ಮಾ. ನಿನ್ ಮಾತು ಕೇಳ್ತಾನೆ.”

ಅಣ್ಣ ನನ್ನನ್ನೇ ನೋಡುತ್ತಿದ್ದ. ನಾನು ನೆಲ ನೋಡಿದೆ. ಆ ಹೊಲದಲ್ಲಿ ನನಗೂ ಪಾಲಿತ್ತು, ಅದನ್ನು ಮುಚ್ಚಿಟ್ಟು ಏನಾಗಬೇಕು? ಸಾವಿರದ ನಾನೂರು ಅಡಿ ಕೊರೆದರೂ ಬಂದದ್ದು ಬರೀ ಬಿಳಿ ಧೂಳು. ಆದರೆ ಕೂಟದ ಮಾತು ಮುರಿದು ನಾವು ಕೊರೆಸಿದ್ದು ನೋಡಿ ಊರಿಗೆ ಊರೇ ಕೊರೆಸಿತು. ಮುಂದಿನ ಅಮಾವಾಸ್ಯೆ ಕಟ್ಟೆಗೆ ಹೋದವರು ತಾತ ಒಬ್ಬರೇ. ಬೇಸಿಗೆ ಮುಗಿಯುವುದರೊಳಗೆ ಹಳೇ ಬೋರ್‌ಗಳೂ ಬತ್ತಿದವು, ಆ ವಿಧವೆ ಹಿಪ್ಪುನೇರಳೆ ಬೇರು ಕಿತ್ತು ಸೌದೆಗೆ ಹಾಕಿದಳು.

ತಾತ ಹಾಸಿಗೆ ಹಿಡಿದಾಗ ನೋಡಲು ಹೋದೆ. ನನ್ನನ್ನು ಒಂದು ಮಾತೂ ಅನ್ನಲಿಲ್ಲ. “ಚುನಾವಣೆಗೆ ನಿಲ್ಬೇಕಾಗಿತ್ತು ಕಣಮ್ಮ. ತಪ್ಪು ನಂದೇ” ಅಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರ ತಿಥಿಯ ದಿನ ಊಟಕ್ಕೆ ಮುಂಚೆ, ಗೆದ್ದವನು ಶಾಲು ಸರಿಮಾಡಿಕೊಂಡು ಎದ್ದು ನಿಂತ. “ತಾತನ ನೆನಪಿಗೆ, ಅವರ ಹೆಸರಲ್ಲೇ ಊರಿಗೊಂದು ಬೋರ್ ಕೊರೆಸ್ತೀನಿ” ಅಂದ.

“ಬೇಡ” ಅಂದೆ ನಾನು. ಅಷ್ಟರಲ್ಲಿ ಎಲ್ಲರೂ ಚಪ್ಪಾಳೆ ತಟ್ಟುತ್ತಿದ್ದರು.