ನಾಲ್ಕು ಬೂದು ಮೀನು

ಕಲಬುರಗಿಯ ಒಂದು ಹಲ್ಲಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದಾಗ ನನಗೆ ಇಪ್ಪತ್ತೆರಡು. ದಿನಾ ಕಮಲಾಪುರದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಬಂದವಳೇ ಮೊದಲು ಮಾಡುತ್ತಿದ್ದ ಕೆಲಸವೆಂದರೆ ರೋಗಿಗಳು ಕೂರುವ ಕೋಣೆಯ ಗಾಜಿನ ತೊಟ್ಟಿಗೆ ಕಾಳು ಹಾಕುವುದು. ಅದರಲ್ಲಿ ಹತ್ತು ಮೀನಿದ್ದವು. ಆರು ದಾಳಿಂಬೆ ಬಣ್ಣದವು, ನಾಲ್ಕು ಬೂದು. ಒಂದು ತಿರುಗಿದರೆ ಹತ್ತೂ ತಿರುಗುತ್ತಿದ್ದವು.

ನೀರು ಬದಲಿಸಲು ಮೋಮಿನಪುರದ ಮೀನಿನಂಗಡಿಯ ಮುದುಕರು ಬರುತ್ತಿದ್ದರು. ನಾನು ಅವರನ್ನು ಚಾಚಾ ಎನ್ನುತ್ತಿದ್ದೆ.

"ಸಮುದ್ರದ ಆಚಿ ಒಂದೆರಡು ಕೆರಿಯಾಗ ಮಾತ್ರ ಹುಟ್ಟೋ ಮೀನು ಇವು, ಬೇಟಿ," ಎಂದಿದ್ದರು ಒಮ್ಮೆ. "ಆ ಕೆರಿಗಿ ಊರಿನ ಹೊಲಸು ಬಿಟ್ಟಾರ, ಇವನ್ನ ತಿನ್ನೋ ದೊಡ್ಡ ಮೀನೂ ತಂದ್ ಬಿಟ್ಟಾರ. ಅಲ್ಲಿ ಈಗ ಭಾಳ ಕಮ್ಮಿ ಆಗ್ಯಾವ. ನಮಗ ಬರೋವು ಸಾಕಿದ್ವು." ಕೆಂಪು ಗಂಡು, ಬೂದು ಹೆಣ್ಣು ಎಂದೂ ಅವರೇ ತೋರಿಸಿಕೊಟ್ಟರು. ಹೆಣ್ಣು ಎದುರಿಗಿದ್ದರೇ ಗಂಡಿಗೆ ಬಣ್ಣವಂತೆ.

ಆಸ್ಪತ್ರೆಗೆ ಹೊಸ ಕುರ್ಚಿ ಬಂದಾಗ ಡಾಕ್ಟರು ಫೋಟೋ ತೆಗೆಸಲು ಹೊರಟರು. ಅದೊಂದು ಗುರುವಾರ. "ಈ ಬೂದು ಮೀನು ಫೋಟೋದಾಗ ಚಂದ ಕಾಣಂಗಿಲ್ಲ, ತೆಗಿ," ಎಂದರು. ನಾನು ಚಾಚಾಗೆ ಫೋನ್ ಮಾಡಿದೆ. "ಬಕೆಟ್‌ನ್ಯಾಗ ಇಡು ಬೇಟಿ. ನಾಳಿ ಜುಮ್ಮಾ ನಮಾಜ್ ಮುಗಿಸಿ ಬಂದು ಒಯ್ತೀನಿ," ಎಂದರು.

ಡಾಕ್ಟರು ಆ ಬಕೆಟ್ ನೋಡಿದರು. "ಇದನ್ಯಾಕ ಇಲ್ಲಿಟ್ಟಿ? ಸಂಡಾಸಕ್ಕ ಹಾಕಿ ನೀರ್ ಬಿಡು."

ಹಾಕಿದೆ. ಗುಂಡಿ ಒತ್ತಿದಾಗ ಮೂರು ಹೋದವು. ನಾಲ್ಕನೆಯದು ಮತ್ತೆ ಮೇಲೆ ಬಂತು. ಫ್ಲಶ್ಶಿನ ಟ್ಯಾಂಕ್ ಮತ್ತೆ ತುಂಬುವವರೆಗೆ ಕಾಯಬೇಕಿತ್ತು. ಅಷ್ಟು ಹೊತ್ತೂ ಅದು ಆ ಬಿಳಿ ಕುಣಿಯಲ್ಲಿ ಸುತ್ತು ಹಾಕುತ್ತಲೇ ಇತ್ತು. ಕೈ ಹಾಕಿ ಎತ್ತಬಹುದಿತ್ತು, ಬಕೆಟ್ ಕಾಲ ಬಳಿಯೇ ಇತ್ತು. ನಾನು ಮತ್ತೆ ಗುಂಡಿ ಒತ್ತಿದೆ.

ಶುಕ್ರವಾರ ಚಾಚಾ ಬಂದರು.

"ಸತ್ತ್ವು ಚಾಚಾ, ಬಕೆಟ್‌ನ್ಯಾಗೇ."

ಅವರು ಖಾಲಿ ಬಕೆಟ್ ಮುಂದೆ ಕುಕ್ಕರುಗಾಲಲ್ಲಿ ಕೂತರು. "ನಂದೇ ತಪ್ಪು. ನಿನ್ನೇನೇ ಬರಬೇಕಿತ್ತು ನಾ," ಎಂದರು. ನಾನು ಚೀಟಿ ಬರೆಯುತ್ತ ಕೂತೆ.

ತಿಂಗಳಾಗುವುದರೊಳಗೆ ಕೆಂಪು ಮೀನುಗಳು ಒಂದನ್ನೊಂದು ಅಟ್ಟಾಡಿಸತೊಡಗಿದವು. ಚಿಕ್ಕದರ ರೆಕ್ಕೆ ಹರಿದು ಚಿಂದಿಯಾಯಿತು. ಆರರ ಬಣ್ಣವೂ ಇಳಿದು ಹಳೇ ಇಟ್ಟಿಗೆಯ ಹಾಗಾಯಿತು. ಡಾಕ್ಟರು ಚಾಚಾನನ್ನು ಕರೆಸಿ ರೋಗಿಗಳ ಎದುರಿಗೇ ನಿಲ್ಲಿಸಿಕೊಂಡರು.

"ಬಣ್ಣಾ ಹಚ್ಚಿದ ಮೀನ್ ಮಾರೀಯೇನು? ಈ ವಯಸ್ಸಿನ್ಯಾಗ ನಾಚಿಕಿ ಆಗಂಗಿಲ್ಲೇನು?"

"ಹಂಗಲ್ಲ ಸಾಹೇಬ್ರ. ಹೆಣ್ಣು ಸತ್ತ್ವಲ್ರಿ, ಅದಕ್ಕ ಹಿಂಗ..."

"ಸತ್ತ್ವಾ?" ಡಾಕ್ಟರು ನನ್ನ ಕಡೆ ನೋಡಿ ನಕ್ಕರು. "ಜೀವಂತ ಇದ್ದಾಗೇ ಸಂಡಾಸಕ್ಕ ಹಾಕ್ಸೀನಿ. ಇಕೀನೇ ಹಾಕಿದ್ಲು, ಕೇಳು."

ಬಾಯಲ್ಲಿ ಹತ್ತಿ ಕಚ್ಚಿಕೊಂಡು ಕೂತಿದ್ದ ರೋಗಿಯೊಬ್ಬ ಕೂಡ ನಕ್ಕ. ಚಾಚಾ ತಮ್ಮ ರಬ್ಬರ್ ಪೈಪು ಸುತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಎರಡು ವಾರ ಬಿಟ್ಟು ನಾನೇ ಮೋಮಿನಪುರಕ್ಕೆ ಹೋದೆ. ಅವರು ಅಂಗಡಿಯಲ್ಲಿ ಜಾಲರಿ ತೊಳೆಯುತ್ತಿದ್ದರು. ತಪ್ಪಾಯಿತು ಎಂದೆ.

"ಡಾಕ್ಟರ್ ಹೇಳ್ದ, ನೀ ಹಾಕ್ದಿ. ಅದು ನೌಕರಿ," ಎಂದರು, ತಲೆ ಎತ್ತದೆ. "ನನ್ನ ಮುಂದ ಯಾಕ ಸುಳ್ಳ್ ಹೇಳ್ದಿ? ನನ್ನಿಂದ ಸತ್ತ್ವು ಅಂತ ಇಷ್ಟು ದಿನ ಒದ್ದಾಡೀನಿ. ಅವುಗಳ ಹೊಟ್ಟಿಯಾಗ ಮೊಟ್ಟಿ ಇದ್ವು, ಗೊತ್ತೇನು?"

ನಾನು ನೆಲದ ಮೇಲಿದ್ದ ಜಾಲರಿಯೊಂದನ್ನು ಎತ್ತಿಕೊಡಲು ಹೋದೆ.

"ಈಗ ಹೇಳಿ ನಿನ್ನ ಮನಸ್ಸು ಹಗುರ ಆಯ್ತಲ್ಲ? ಹೋಗು," ಎಂದು ಚಾಚಾ ಅಂಗಡಿಗೆ ಬಂದ ಗಿರಾಕಿಯ ಕಡೆ ತಿರುಗಿದರು.

ಆ ಬೇಸಿಗೆಯಲ್ಲಿ ಡಾಕ್ಟರು ನೆಂಟರ ಮದುವೆಗೆಂದು ನಾಲ್ಕು ದಿನ ಆಸ್ಪತ್ರೆ ಮುಚ್ಚಿ, ಹೋಗುವಾಗ ಕರೆಂಟಿನ ಮೇನ್ ಸ್ವಿಚ್ ಆರಿಸಿಬಿಟ್ಟಿದ್ದರು. ತೊಟ್ಟಿಯ ಪಂಪೂ ನಿಂತುಹೋಗಿತ್ತು. ಬಾಗಿಲು ತೆರೆದವಳು ನಾನೇ. ಆರೂ ನೀರಿನ ಮೇಲೆ ತೇಲುತ್ತಿದ್ದವು, ವಾಸನೆ ಬೀದಿಯವರೆಗೂ ಬಂದಿತ್ತು. ಫಿನಾಯಿಲ್ ಹಾಕಿ ತೊಳೆದೆ. ಆ ಜಾಗಕ್ಕೆ ಟಿವಿ ಬಂತು.

ಮಳೆಗಾಲದಲ್ಲಿ ಹೊಸ ಡಾಕ್ಟರೊಬ್ಬರು ಸೇರಿದರು. ಅವರಿಗೆ ನನ್ನ ಪರಿಚಯ ಮಾಡಿಕೊಡುತ್ತ ನಮ್ಮ ಡಾಕ್ಟರು, "ಇಕಿಗಿ ಒಂದ್ ಮಾತ್ ಹೇಳಿದ್ರ ಸಾಕು. ಯಾಕ ಅಂತ ಕೇಳಂಗೇ ಇಲ್ಲ. ಇಂಥವ್ರು ಸಿಗಂಗಿಲ್ಲ ನೋಡ್ರಿ," ಎಂದರು.

ಅಂದು ಬಸ್ಸಿನಲ್ಲಿ ಕಮಲಾಪುರ ಮುಟ್ಟುವವರೆಗೂ ನಾನು ಹಿಗ್ಗುತ್ತಲೇ ಇದ್ದೆ. ಮನೆಗೆ ಹೋದವಳೇ ಅವ್ವನಿಗೆ ಹೇಳಿದೆ. ಅವ್ವ ಪಕ್ಕದ ಮನೆಯವರಿಗೂ ಹೇಳಿಬಂದಳು.