ಊಟ ಎಂದು ಕರೆದ ಒಂದು ವಾರ

ನಮ್ಮ ಬಸವಕಲ್ಯಾಣದ ಆಸ್ಪತ್ರೆಯೊಂದರಲ್ಲಿ ರೋಗಿಗೆ ಊಟ ಸಿಗುತ್ತದೆ. ರೋಗಿಯ ಜೊತೆ ಬಂದವರಿಗೆ ಸಿಗುವುದಿಲ್ಲ. ಇದರಲ್ಲಿ ಯಾರದೂ ತಪ್ಪಿಲ್ಲ. ಜ್ವರ ಬಂದವರು ರೋಗಿಗಳು, ಹಸಿವಾದವರು ರೋಗಿಗಳಲ್ಲ. ಹೀಗೆ ನಡುವೆ ಬಿಟ್ಟುಹೋದವರಿಗಾಗಿ ನಾವು ಆರು ಜನ ಹೆಂಗಸರು ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಜೋಳದ ರೊಟ್ಟಿ, ಬೇಳೆ, ಪುಂಡಿಪಲ್ಯ ಒಯ್ಯುತ್ತೇವೆ. ಹೊರಗಿನ ತಗಡಿನ ಶೆಡ್ಡಿನಲ್ಲಿ ಬುಟ್ಟಿ ಇಳಿಸಿದ ಮೇಲೆ ಒಬ್ಬರು ವಾರ್ಡಿನ ಬಾಗಿಲಲ್ಲಿ ನಿಂತು "ಪ್ರಸಾದಕ್ಕ ಬರ್ರೀ" ಎಂದು ಕೂಗಬೇಕು. ಕೂಗುವ ಕೆಲಸ ನನ್ನದು. ಹುಮನಾಬಾದಿನಲ್ಲಿ ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವಳು ನಾನು. ಗಣಿತ ಎಷ್ಟು ತಲುಪಿತೋ ಗೊತ್ತಿಲ್ಲ, ಧ್ವನಿ ಮಾತ್ರ ಕೊನೆಯ ಬೆಂಚಿನವರೆಗೂ ತಲುಪುತ್ತಿತ್ತು.

ಪ್ರಸಾದ ಎಂದರೆ ನಮ್ಮಲ್ಲಿ ಗುಡಿಯಲ್ಲಿ ಅಂಗೈಗೆ ಹಾಕುವ ಚೂರು ಸಕ್ಕರೆಯಷ್ಟೇ ಅಲ್ಲ. ಲಿಂಗ ಕಟ್ಟಿಕೊಂಡವರ ಮನೆಗಳಲ್ಲಿ ಪೂಜೆ ಮುಗಿಸಿ ಉಣ್ಣುವುದೆಲ್ಲ ಪ್ರಸಾದವೇ. ಬಿಸಿ ರೊಟ್ಟಿಯೂ ಪ್ರಸಾದ, ನಿನ್ನೆಯ ಪಲ್ಯವೂ ಪ್ರಸಾದ. ಮನೆಗೆ ಬಂದವರನ್ನು "ಪ್ರಸಾದ ಆತೇನ್ರಿ" ಎಂದು ಕೇಳುವ ಹಿರಿಯರು ಈಗಲೂ ಇದ್ದಾರೆ. ನಾನೂ ಹತ್ತಿರ ಹತ್ತಿರ ಅರವತ್ತು ವರ್ಷ ಹಾಗೆಯೇ ಕೇಳಿದೆ. ಆಮೇಲೆ ಆ ಶಬ್ದ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ನಂಬಿಕೆ ಹೋಗಬೇಕಾದರೆ ಒಂದು ದೊಡ್ಡ ದುಃಖವಾದರೂ ಬಂದಿರಬೇಕು ಎಂದು ಜನ ತಿಳಿದಿದ್ದಾರೆ. ನನಗೆ ಅಂಥದ್ದೇನೂ ಒದಗಲಿಲ್ಲ. ನಿವೃತ್ತಿಗೆ ಇನ್ನೊಂದು ವರ್ಷ ಇತ್ತು. ಹುಮನಾಬಾದಿನ ಬಾಡಿಗೆ ಮನೆಯಲ್ಲಿ ಒಂದು ಬೆಳಿಗ್ಗೆ ಎಡ ಅಂಗೈ ಮೇಲೆ ಲಿಂಗ ಇಟ್ಟುಕೊಂಡು ಪೂಜೆಗೆ ಕೂತಿದ್ದೆ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದೆನೋ ಇಲ್ಲವೋ ಎಂಬ ಯೋಚನೆ ಬಂತು. ಇಂಥ ಯೋಚನೆ ದಿನಾ ಬರುತ್ತಿತ್ತು, ದಿನಾ ಅದನ್ನು ಸರಿಸಿ ಭಕ್ತಿಗೆ ಮರಳುತ್ತಿದ್ದೆ. ಅಂದು ಸರಿಸಿ ನೋಡಿದರೆ ಹಿಂದೆ ಏನೂ ಇರಲಿಲ್ಲ. ಇದ್ದದ್ದು ಸಿಲಿಂಡರ್ ಒಂದೇ. ನನಗೆ ನಿಜವಾಗಿ ಹೆದರಿಕೆಯಾಯಿತು. ಬೀಗದ ಕೈ ಕಳಕೊಂಡವರು ನೋಡಿದ ಕಿಸೆಯನ್ನೇ ಮತ್ತೆ ನೋಡುವ ಹಾಗೆ ದಿನಾ ಕೂತು ಹುಡುಕಿದೆ. ಗುರುವಾರ ಮಾಣಿಕನಗರದ ಗುಡಿಗೆ ಹೋಗಿ ಒಂದು ತಾಸು ಕಣ್ಣು ಮುಚ್ಚಿ ಕೂತು ಬಂದೆ. ಸುತ್ತಲಿನವರ ಮುಖದಲ್ಲಿ ಇದ್ದದ್ದು ನನಗೆ ಬರಲಿಲ್ಲ. ಅಲ್ಲಿಂದ ತಂದ ತೆಂಗಿನಕಾಯಿ ಚೆನ್ನಾಗಿತ್ತು, ಚಟ್ನಿ ಅರೆದೆ.

ಬಹಳ ದಿನ ಇದನ್ನು ಹೇಳಿಕೊಂಡದ್ದು ಇಬ್ಬರ ಹತ್ತಿರ ಮಾತ್ರ. ಮೊದಲನೆಯವರು ನನ್ನ ಅಣ್ಣ. "ನಿನಗ ಬಿ.ಪಿ. ಆಗ್ಯಾದ, ಡಾಕ್ಟರ್‌ಗೆ ತೋರಿಸಿಕೋ" ಎಂದ. ತೋರಿಸಿಕೊಂಡೆ. ಬಿ.ಪಿ. ಇತ್ತು. ಗುಳಿಗೆ ಶುರುವಾಯಿತು, ನಂಬಿಕೆ ಶುರುವಾಗಲಿಲ್ಲ.

ನಿವೃತ್ತಿಯಾಗಿ ಬಸವಕಲ್ಯಾಣದ ನಮ್ಮ ಮನೆಗೆ ಬಂದಾಗ ದೊಡ್ಡಕ್ಕ ನನ್ನನ್ನು ರೊಟ್ಟಿಯ ಗುಂಪಿಗೆ ಕರೆದರು. ಈ ಸೇವೆಯನ್ನು ಶುರು ಮಾಡಿದವರೇ ಅವರು. ನಮ್ಮ ಓಣಿಯವರು, ವಯಸ್ಸು ಎಪ್ಪತ್ತೈದು ದಾಟಿದೆ, ದಿನಕ್ಕೆ ಮೂರು ಹೊತ್ತು ಪೂಜೆ ತಪ್ಪಿಸುವುದಿಲ್ಲ. ಎಲ್ಲರಿಗೂ ಅವರು ದೊಡ್ಡಕ್ಕ. ಸೇವೆ ಮಾಡುತ್ತ ಹೋದರೆ ನಂಬಿಕೆ ತಾನಾಗಿ ಹಿಂದೆ ಬರುತ್ತದೆ ಎಂದು ಲೆಕ್ಕ ಹಾಕಿ ನಾನು ಸೇರಿಕೊಂಡೆ. ಲೆಕ್ಕ ತಪ್ಪಿತು. ಮೂರು ವರ್ಷ ಕಾಯ್ದು, ಒಂದು ದಿನ ಅವರ ಅಡಿಗೆಮನೆಯಲ್ಲಿ ಹೇಳಿಯೇಬಿಟ್ಟೆ.

"ದೊಡ್ಡಕ್ಕ, ನನಗ ದೇವರ ಮ್ಯಾಲಿನ ನಂಬಿಕಿ ಹೋಗ್ಯಾದ್ರಿ."

ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ನಿಲ್ಲಲಿಲ್ಲ. "ಯಾವಾಗಿಂದ?"

"ಇಲ್ಲಿಗೆ ಬರೋಕ್ಕಿಂತ ಮೊದಲೇ ಹೋಗ್ಯಾದ್ರಿ."

"ಮತ್ತ ಮೂರು ವರ್ಷ ರೊಟ್ಟಿ ತಂದೀ ಅಲಾ?"

"ತಂದೀನ್ರಿ."

"ನಾಳಿಗೂ ತಾ. ಹಿಟ್ಟು ಸಣ್ಣಗ ಬೀಸಿಸು, ನಿನ್ನ ರೊಟ್ಟಿ ಭಾಳ ಒಡೀತಾವ."

ಇಷ್ಟು ದೊಡ್ಡ ಸಂಗತಿಗೆ ಇಷ್ಟೇ ಉತ್ತರ ಬಂದದ್ದಕ್ಕೆ ನನಗೆ ಸಿಟ್ಟು ಬಂತು. ಅಳಬೇಕಾಗಿರಲಿಲ್ಲ, ಕನಿಷ್ಠ ತಿರುಗಿಯಾದರೂ ನೋಡಬಹುದಿತ್ತು. ಹಿಟ್ಟು ಸಣ್ಣಗೆ ಬೀಸಿಸಿದೆ. ರೊಟ್ಟಿ ಒಡೆಯುವುದು ಸ್ವಲ್ಪ ಕಡಿಮೆಯಾಯಿತು.

ಗಣಿತ ಕಲಿಸಿದವರಿಗೆ ಒಂದು ಚಟ ಇರುತ್ತದೆ. ಸಿದ್ಧವಾಗದೇ ಇದ್ದದ್ದನ್ನು ಸಿದ್ಧವಾಯಿತು ಎಂದು ಬರೆಯಲು ಕೈ ಏಳುವುದಿಲ್ಲ. ದೇವರು ಕೊಟ್ಟ ಎಂದು ನಂಬದವಳು ದಿನಾ ಬಾಗಿಲಲ್ಲಿ ನಿಂತು ಪ್ರಸಾದ, ಪ್ರಸಾದ ಎಂದು ಕೂಗುವುದು ನನಗೆ ಕಳ್ಳ ಹಾಜರಿ ಹಾಕಿದ ಹಾಗೆ ಕಾಣತೊಡಗಿತು. ಕಳೆದ ಚಳಿಗಾಲದ ಒಂದು ಸೋಮವಾರ ನಿರ್ಧಾರ ಮಾಡಿದೆ. ಇನ್ನು ಮೇಲೆ ಊಟ ಎಂದು ಕರೆಯುತ್ತೇನೆ. ಅದು ಒಗ್ಗಿದರೆ ಸರಿ, ಒಗ್ಗದಿದ್ದರೆ ಶನಿವಾರ ದೊಡ್ಡಕ್ಕನಿಗೆ ಹೇಳಿ ಈ ಕೆಲಸ ಬಿಟ್ಟುಬಿಡುತ್ತೇನೆ. ರೊಟ್ಟಿ ಮಾಡುವವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ.

"ಊಟಕ್ಕ ಬರ್ರೀ" ಎಂದು ಕೂಗಿದೆ. ಜನ ಬಂದರು, ಉಂಡರು, ಹೋದರು. ಭೂಮಿಯೇನೂ ಬಾಯಿ ಬಿಡಲಿಲ್ಲ. ಬಹಳ ವರ್ಷಗಳ ಮೇಲೆ ಹಗುರಾದೆ ಅನ್ನಿಸಿ, ಅಂದು ಮಧ್ಯಾಹ್ನ ಗಡದ್ದಾಗಿ ನಿದ್ದೆ ಮಾಡಿದೆ.

ಬುಧವಾರ ಬುಟ್ಟಿಯಲ್ಲಿ ರೊಟ್ಟಿ ಉಳಿದವು. ಗುರುವಾರ ಇನ್ನಷ್ಟು ಉಳಿದವು. ಹರೆಯದವರು ಬರುತ್ತಿದ್ದರು. ಹೆಗಲ ಮೇಲೆ ವಸ್ತ್ರ ಹಾಕಿಕೊಂಡ ಹಿರಿಯರು, ತಲೆ ಮೇಲೆ ಸೆರಗು ಹೊದ್ದ ಅಜ್ಜಿಯರು ಕಾಣುತ್ತಿರಲಿಲ್ಲ. ದೊಡ್ಡಕ್ಕ ಬುಟ್ಟಿಯೊಳಗೆ ಬಗ್ಗಿ ನೋಡಿ, "ಉಳದಾವಲ್ಲ" ಎಂದರು. ಪುಂಡಿಪಲ್ಯಕ್ಕೆ ಉಪ್ಪು ಜಾಸ್ತಿಯಾಗಿರಬೇಕು ಎಂದೆ. ಪಲ್ಯ ಅವರದು. ಅವರು ನನ್ನ ಮುಖ ನೋಡಿದರು.

ಶುಕ್ರವಾರ ವಾರ್ಡಿನ ಸಿಸ್ಟರ್ ನನ್ನನ್ನು ಒಳಗೆ ಕರೆದರು. "ಅಕ್ಕೋರ, ಆ ಮೂಲಿ ಕಾಟಿನ ಹತ್ರ ಮೋರಖಂಡಿ ಹಳ್ಳಿ ಅಜ್ಜಾರು ಕೂತಾರ ನೋಡ್ರಿ. ಮೂರು ದಿನಾ ಆತು, ಬರೇ ನೀರು ಕುಡಿಯಾಕತ್ತಾರ. ಮುಂಜಾನಿ ಕಣ್ಣಿಗೆ ಕತ್ತಲಿ ಬಂದು ಬೀಳೋರಿದ್ರು. ಅಜ್ಜಿ ಏಳೋದ್ರೊಳಗ ಇವರು ಮಲಗ್ತಾರ."

ಹೋಗಿ ನೋಡಿದೆ. ಕಾಟಿನ ಮೇಲೆ ಹೆಂಡತಿ, ಟೈಫಾಯ್ಡ್, ಕೈಗೆ ಗ್ಲುಕೋಸ್. ಕೆಳಗೆ ನೆಲದ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತ ಗಂಡ, ರಿಪೋರ್ಟಿನ ಫೈಲಿನಿಂದ ಹೆಂಡತಿಯ ಮುಖದ ಮೇಲಿನ ನೊಣ ಓಡಿಸುತ್ತಿದ್ದರು. ಹಣೆಯ ಮೇಲೆ ವಿಭೂತಿ ಹೊಸದಾಗಿತ್ತು. ಸೊಸೆ ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ, ಮಗ ತೊಗರಿ ರಾಶಿ ಬಿಟ್ಟು ಬರುವ ಹಾಗಿಲ್ಲ, ಇವರು ಜನ್ಮದಲ್ಲಿ ಹೋಟೆಲಿನದು ಮುಟ್ಟಿದವರಲ್ಲ ಎಂದು ಸಿಸ್ಟರ್ ಹೇಳಿದರು.

"ಊಟಕ್ಕ ಬರ್ರಿ ಅಜ್ಜಾರ."

"ನಂದು ಆಗ್ಯಾದ್ರಿ ಅಕ್ಕೋರ."

"ಎಲ್ಲಿ ಆಗ್ಯಾದ್ರಿ? ಮೂರು ದಿನದಿಂದ ಏನೂ ತಿಂದಿಲ್ಲಂತ."

"ಹಸಿವು ಇಲ್ರಿ."

ಕಾಟಿನ ಮೇಲಿನಿಂದ ಅಜ್ಜಿ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸುಳ್ಳು ಹೇಳಾಕತ್ತಾರ್ರಿ. ನನ್ನ ಬ್ರೆಡ್ ತಿನ್ನರಿ ಅಂದ್ರ, ಬ್ಯಾನಿಯಾಕಿ ಪಾಲಿಂದು ನಾ ತಿನ್ನಂಗಿಲ್ಲ ಅಂತಾರ."

ಮುದುಕರಿಗೆ ನಾಚಿಕೆಯಾಯಿತು. ಫೈಲು ಕೆಳಗಿಟ್ಟು ನನ್ನ ಕಡೆ ತಿರುಗಿದರು. "ನೋಡ್ರಿ ಅಕ್ಕೋರ, ನಮ್ದು ಹೊಲ ಅದ, ಮನಿ ಅದ. ಹತ್ತು ಮಂದಿಗೆ ಉಣಿಸಿದ ಮನಿ. ಈ ವಯಸ್ಸಿನಾಗ ಲೈನಿನಾಗ ನಿಂತು ಖೈರಾತ್ ಉಣ್ಣಂಗಿಲ್ರಿ."

ಖೈರಾತ್ ಎಂದರೆ ದಾನ. ಉರ್ದುವಿನಿಂದ ನಮ್ಮ ಕಡೆ ಬಂದು ನೆಲೆಸಿದ ಶಬ್ದ. ಕೊಡುವವರ ಬಾಯಲ್ಲಿ ಅದು ಪುಣ್ಯ, ತಗೊಳ್ಳುವವರ ಬಾಯಲ್ಲಿ ಬೈಗುಳ.

"ಖೈರಾತ್ ಅಂದವರ್ಯಾರ್ರಿ? ನಾ ಊಟ ಅಂದೆ."

"ಪುಕ್ಕಟ ಊಟಕ್ಕ ಮತ್ತೇನಂತಾರ್ರಿ? ಹೋದ ವರ್ಷ ತಮ್ಮನ್ನ ಇಲ್ಲೇ ಹಾಕಿದಾಗ ನೀವೇ ಪ್ರಸಾದ ಅಂತ ಕರೀತಿದ್ರಿ. ನಾಲ್ಕು ದಿನಾ ಉಂಡೀನಿ. ಈ ಸಲ ಊಟ ಅನ್ನಾಕತ್ತೀರಿ. ಪ್ರಸಾದ ನಿಂತದ ಅಂತ ತಿಳಕೊಂಡೆ."

ಪಲ್ಯದ ಉಪ್ಪು ಸರಿಯಾಗಿಯೇ ಇತ್ತು. ಮೂರು ದಿನ ಒಬ್ಬ ಮುದುಕರನ್ನು ಉಪವಾಸ ಕೆಡವಿದ್ದು ನನ್ನ ಪ್ರಾಮಾಣಿಕತೆ. ಅಷ್ಟು ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ. "ಪ್ರಸಾದಾನೇ ಅದರಿ, ಏಳ್ರಿ" ಎಂದರೆ ಅಲ್ಲಿಗೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಅದು ಬರಲಿಲ್ಲ, ಬೇರೆಯೇ ಬಂತು.

"ಅಜ್ಜಾರ, ಖರೇ ಹೇಳ್ತೀನ್ರಿ. ದೇವರು ಕೊಟ್ಟಾನ ಅನ್ನೋದು ನನಗ ಗೊತ್ತಿಲ್ಲ. ಮೊದಲಿನಂಗ ನಂಬಿಕಿ ಉಳದಿಲ್ಲ. ಅದಕ್ಕ ಪ್ರಸಾದ ಅನ್ನಾಕ ಬಾಯಿ ಬರವಲ್ದು."

ಪಕ್ಕದ ಕಾಟಿನವರು ತಿರುಗಿ ನೋಡಿದರು. ಸಿಸ್ಟರ್ ಥರ್ಮಾಮೀಟರ್ ಒರೆಸತೊಡಗಿದರು. ಮುದುಕರು ಸಂತೆಯಲ್ಲಿ ಎತ್ತಿನ ವಿಚಾರ ಕೇಳುವವರ ಹಾಗೆ ಒಂದೊಂದೇ ಕೇಳಿದರು.

"ಜ್ವಾಳ ನೀವು ಬೆಳದೀರೇನು?"

"ಇಲ್ರಿ. ಮನಿ ಮನಿಯಿಂದ ಬರ್ತದ."

"ಪಲ್ಯಾ ನೀವು ಮಾಡೀರೇನು?"

"ಇಲ್ರಿ. ದೊಡ್ಡಕ್ಕ ಮಾಡ್ಯಾರ."

"ರೊಟ್ಟಿ?"

"ಆರು ಮಂದಿವು ಒಂದೇ ಬುಟ್ಟ್ಯಾಗ ಕೂಡ್ಯಾವ್ರಿ. ಯಾವು ಯಾರವು ಗೊತ್ತಾಗಂಗಿಲ್ಲ." ಒಡೆದವು ನನ್ನವು ಎಂದು ಹೇಳಲು ಹೋಗಲಿಲ್ಲ.

"ಅಂದ್ರ ನೀವು ಕೊಡಾಕತ್ತಿಲ್ಲ."

"ಇಲ್ರಿ."

"ಯಾರು ಕೊಡಾಕತ್ತಾರ ಗೊತ್ತಿಲ್ಲ."

"ಗೊತ್ತಿಲ್ರಿ."

"ಅದಕ್ಕೇ ಪ್ರಸಾದ ಅಂತಾರ್ರಿ ಅಕ್ಕೋರ," ಎಂದು ಮುದುಕರು ಕಾಟಿನ ಪಟ್ಟಿ ಹಿಡಿದು ಎದ್ದರು. "ನಡೀರಿ."

ವಾರ್ಡಿನಿಂದ ಹೊರಗೆ ಬರುವಾಗ ಕಾಟುಗಳ ನಡುವೆ ಕೂತಿದ್ದ ಹಿರಿಯರಿಗೆ, ಕೂಗದೆ, ಮೆಲ್ಲಗೆ "ಪ್ರಸಾದಕ್ಕ ಬರ್ರಿ" ಎಂದೆ. ಮೂರು ಜನ ಎದ್ದರು. ಅವರು ಎಷ್ಟು ದಿನದಿಂದ ಹಾಗೆ ಕೂತಿದ್ದರು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ನಂಬಿಕೆ ತಿರುಗಿ ಬಂತೇ ಎಂದರೆ, ಇಲ್ಲ. ಈಗಲೂ ಪೂಜೆಗೆ ಕೂತರೆ ಸಿಲಿಂಡರೇ ಬರುತ್ತದೆ. ಬಿಟ್ಟುಬಿಡುತ್ತೇನೆ ಎಂದು ಶನಿವಾರ ದೊಡ್ಡಕ್ಕನಿಗೆ ಹೇಳಬೇಕಾಗಿತ್ತು, ಹೇಳಲಿಲ್ಲ. ಅಜ್ಜಿ ಅದಾದ ಐದನೆಯ ದಿನ ಗಂಡನ ಹೆಗಲು ಹಿಡಿದುಕೊಂಡು ನಡೆದೇ ಬಸ್ ಹತ್ತಿದರು.

ಆದರೆ ಆ ಶುಕ್ರವಾರ ಶೆಡ್ಡಿನಲ್ಲಿ ನಡೆದದ್ದನ್ನು ಹೇಳಬೇಕು. ಮುದುಕರ ಮುಂದೆ ತಾಟು ಇಟ್ಟು ನಾನು ನಿಂತೆ. ಅವರು ಉಣ್ಣಲಿಲ್ಲ. "ನಿಮ್ದು?" ಎಂದರು. ಮನೆಗೆ ಹೋಗಿ ಉಣ್ಣುತ್ತೇನೆ ಎಂದೆ. ನಾಲ್ಕು ವರ್ಷದಿಂದ ಹಾಗೆಯೇ ಮಾಡುತ್ತಿದ್ದೆ. ಅಲ್ಲಿಯ ಒಂದು ತುತ್ತನ್ನೂ ಬಾಯಿಗೆ ಹಾಕಿದವಳಲ್ಲ.

"ನೀವು ನಿಂತು ನೋಡಿದ್ರ ಇದು ಮತ್ತ ಖೈರಾತ್ ಆಗ್ತದ್ರಿ. ಕೂಡ್ರಿ."

ಮಂಡಿ ಹಿಡಿದುಕೊಂಡು ನೆಲಕ್ಕೆ ಕೂತೆ. ಮೂರು ದಿನದ ಹಸಿವಿನ ಆ ಮನುಷ್ಯ ರೊಟ್ಟಿ ಮುರಿದು, ಅರ್ಧದ ಮೇಲೆ ಪಲ್ಯ ಹಾಕಿ ನನ್ನ ಕಡೆ ಚಾಚಿದರು. ಕಣ್ಣಲ್ಲಿ ನೀರು ಬಂತು. ಪಲ್ಯದಲ್ಲಿ ಖಾರ ಅಷ್ಟಿರಲಿಲ್ಲ. ಬಸ್ಸಿನಲ್ಲಿ ಟಿಕೆಟ್ ತಗೊಳ್ಳುವ ಹಾಗೆ ಒಂದು ಕೈ ಮುಂದೆ ಮಾಡಿದೆ.

"ಎರಡೂ ಕೈ ಹಿಡೀರಿ ಅಕ್ಕೋರ," ಎಂದರು.

ಹಿಡಿದೆ.