ಒಳಗಿನದು ಅಣ್ಣನಿಗೆ, ಹೊರಗಿನದು ತಮ್ಮನಿಗೆ

ಮದೆನಾಡಿನ ನಾಣಯ್ಯನಿಗೆ ಯಂತ್ರಗಳ ಮೇಲಿದ್ದ ನಂಬಿಕೆ ಮನುಷ್ಯರ ಮೇಲಿರಲಿಲ್ಲ. ಯಂತ್ರ ಕೆಡುವ ಮುನ್ನ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಎಣ್ಣೆ ಕಾರುತ್ತದೆ. ಮನುಷ್ಯ ನಗುತ್ತಲೇ ಕೆಟ್ಟುಹೋಗಿರುತ್ತಾನೆ ಎಂಬುದು ಅವನು ಯುದ್ಧದಿಂದ ತಂದಿದ್ದ ತಿಳಿವಳಿಕೆ. ಯೌವನದ ಒಳ್ಳೆಯ ವರ್ಷಗಳನ್ನು ಅವನು ಬರ್ಮಾ ಗಡಿಯ ಮಿಲಿಟರಿ ವರ್ಕ್‌ಶಾಪಿನಲ್ಲಿ, ಲಾರಿಗಳ ಹೊಟ್ಟೆಯ ಕೆಳಗೆ ಅಂಗಾತ ಮಲಗಿ ಕಳೆದಿದ್ದ. ಊರಿಗೆ ಮರಳಿದ ಮೇಲೆ ಅವನ ಉಗುರಿನ ಸಂದಿನ ಮಸಿ ಹೋಗಲಿಲ್ಲ. ಅದನ್ನು ಹೋಗಲಾಡಿಸಬೇಕೆಂದು ಅವನಿಗೆ ಅನ್ನಿಸಲೂ ಇಲ್ಲ. ಅವನ ತಮ್ಮ ಪೊನ್ನಪ್ಪನಿಗಾದರೋ ಅಂಗಿಯ ಕಾಲರಿನಲ್ಲಿ ಒಂದು ಸುಕ್ಕಿದ್ದರೆ ಊಟ ಸೇರುತ್ತಿರಲಿಲ್ಲ.

ಕಾಫಿಗೆ ಬೆಲೆ ಏರಿದ ವರ್ಷ ಇವರ ಅಪ್ಪ ಒಂದು ಸ್ಪೋರ್ಟ್ಸ್ ಕಾರನ್ನು ಕೊಂಡಿದ್ದರು. ತೋಟ ಮಾರಿ ಸ್ವದೇಶಕ್ಕೆ ಹೊರಟ ಒಬ್ಬ ಬಿಳಿ ದೊರೆ ಅದನ್ನು ಹಡಗಿಗೆ ಹಾಕಲಾರದೆ ಬಿಟ್ಟುಹೋಗುವವನಿದ್ದ. ಇಬ್ಬರೇ ಕೂರಬಹುದಾದ, ಕ್ಯಾನ್ವಾಸಿನ ಮಡಚುವ ಹೊದಿಕೆಯ, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡಂತೆ ಓಡುವ ಕಾರು. ಬಣ್ಣ ಸುಲಿದಿತ್ತು, ಎಂಜಿನ್ ಏದುತ್ತಿತ್ತು. ಅಪ್ಪ ಬದುಕಿರುವ ತನಕ ಅಣ್ಣ ಎಂಜಿನ್ ಬಿಚ್ಚಿದ, ತಮ್ಮ ಬಣ್ಣ ಬಳಿಸಿದ. ಎರಡೂ ಒಂದೇ ಮನೆಯ ಕೆಲಸವಾಗಿದ್ದವು. ಅಪ್ಪ ತೀರಿಕೊಂಡ ಮೇಲೆ ಪಾಲಿನ ಮಾತು ಬಂತು.

ಗದ್ದೆ, ತೋಟ, ಕೋವಿ, ಕೊಟ್ಟಿಗೆ ಎಲ್ಲವೂ ಸುಲಭವಾಗಿ ಎರಡಾದವು. ಒಂದೇ ಅಂಗಳಕ್ಕೆ ಎದುರುಬದುರಾಗಿ ಇನ್ನೊಂದು ಮನೆ ಎದ್ದಿತು. ಕಾರು ಮಾತ್ರ ಎರಡಾಗಲಿಲ್ಲ. ಮಾರಿ ಹಂಚಿಕೊಳ್ಳಿ ಎಂದರೆ ಇಬ್ಬರೂ ಒಪ್ಪಲಿಲ್ಲ. ಪಾಲು ಮಾಡಲು ಬಂದಿದ್ದ ಸೋದರಮಾವ ಬೊಳ್ಳಪ್ಪ ಆ ತನಕ ಕಾರಿನಲ್ಲಿ ಕೂತವರಲ್ಲ. ಅವರು ಎಲೆಯಡಿಕೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ಸಾಗಿಸಿ ತೀರ್ಪು ಹೇಳಿದರು.

"ಒಂದು ತಿಂಗ ಇವಂಗೆ, ಒಂದು ತಿಂಗ ಅವಂಗೆ. ಖರ್ಚು ಹೆಂಗೆ? ಒಳಗಿಂದ್ ಕೆಟ್ಟರೆ ನಾಣಯ್ಯ ನೋಡ್ಕಣಲಿ, ಹೊರಗಿಂದ್ ಪೊನ್ನಪ್ಪ ನೋಡ್ಕಣಲಿ. ಒಬ್ಬನ ಪಾಲಿಗೆ ಇನ್ನೊಬ್ಬ ಕೈ ಹಾಕಿಕೆ ಇಲ್ಲೆ. ಆತಾ?"

"ಲೈಟು, ಮಾವ?" ಎಂದ ಪೊನ್ನಪ್ಪ.

"ಕಣ್ಣಿಗೆ ಕಂಡದೆಲ್ಲ ನಿಂದ್."

"ಟಯರು?"

"ಕಂಡದೆ ಅಲ್ಲನಾ? ನಿಂದೇ."

ಆ ಕ್ಷಣದಲ್ಲಿ ನಾಣಯ್ಯನಿಗೆ ಬ್ರೇಕು ನೆನಪಾಯಿತು. ಅದರ ಪೆಡಲು ಒಳಗೆ, ಹಿಡಿತ ಚಕ್ರದಲ್ಲಿ. ಎಂಜಿನ್ನಿಗೂ ಸೇರಿದ್ದಲ್ಲ, ಮೈಗೂ ಸೇರಿದ್ದಲ್ಲ. ಕೇಳೋಣವೆಂದು ಬಾಯಿ ತೆರೆದ. ಅಷ್ಟರಲ್ಲಿ ಪೊನ್ನಪ್ಪ, "ಅಣ್ಣಂಗೆ ಮಸಿ, ನಂಗೆ ಪಾಲಿಶ್. ಹುಟ್ಟುವಾಗಳೇ ಮಾಡ್ದ ಪಾಲ್ ಇದ್!" ಎಂದುಬಿಟ್ಟ. ಜಗಲಿಯ ತುಂಬ ನಗು ಎದ್ದಿತು. ಬಾಗಿಲ ಹಿಂದೆ ನಿಂತಿದ್ದ ತನ್ನ ಹೆಂಡತಿ ಕಮಲನೂ ನಕ್ಕದ್ದು ನಾಣಯ್ಯನಿಗೆ ಕೇಳಿಸಿತು. ಅವನು ಬಾಯಿ ಮುಚ್ಚಿದ.

ತನ್ನ ತಿಂಗಳು ಬಂದರೆ ನಾಣಯ್ಯ ಕಾರನ್ನು ಕೊಟ್ಟಿಗೆಯ ಪಕ್ಕದ ಶೆಡ್ಡಿಗೆ ನೂಕಿ, ಮರದ ದಿಮ್ಮಿಗಳ ಮೇಲೆ ಏರಿಸಿ, ಎಂಜಿನ್ನಿನ ತಲೆ ಬಿಚ್ಚುತ್ತಿದ್ದ. ಕರಿ ಕೆರೆಯುವುದು, ವಾಲ್ವು ಉಜ್ಜುವುದು, ಸವೆಯುವ ಮೊದಲೇ ಬೇರಿಂಗ್ ಬದಲಿಸುವುದು. ಸದ್ದು ಬಂದ ಮೇಲೆ ಮಾಡುವ ರಿಪೇರಿ ಅವನ ಲೆಕ್ಕದಲ್ಲಿ ರಿಪೇರಿಯಲ್ಲ, ತಿಥಿ. ಎಲ್ಲವನ್ನೂ ಮರಳಿ ಜೋಡಿಸುವ ಹೊತ್ತಿಗೆ ತಿಂಗಳು ಮುಗಿದಿರುತ್ತಿತ್ತು. ಹೀಗಾಗಿ ಅವನ ಸರದಿಯಲ್ಲಿ ಕಾರು ಅಂಗಳ ದಾಟಿದ್ದೇ ಇಲ್ಲ. ಒಮ್ಮೆ ಕಮಲ ಹೊಸ ಸೀರೆಯುಟ್ಟು, ತಲೆಗೆ ಹೂ ಮುಡಿದು, ದಿಮ್ಮಿಯ ಮೇಲಿದ್ದ ಕಾರಿನಲ್ಲಿ ಹೋಗಿ ಕೂತಳು. ಎದುರಿಗೆ ಶೆಡ್ಡಿನ ಮಣ್ಣುಗೋಡೆ ಇತ್ತು.

"ಮಡಿಕೇರಿ ಬಾತಾ?" ಎಂದು ಗಂಡನನ್ನು ಕೇಳಿದಳು.

"ಇಳಿ. ದಿಮ್ಮಿ ಜಾರೀತ್," ಎಂದ ನಾಣಯ್ಯ, ತಲೆಯೆತ್ತದೆ.

ಪೊನ್ನಪ್ಪನ ತಿಂಗಳಲ್ಲಿ ಕಾರು ಮನೆಯಲ್ಲಿ ನಿಂತದ್ದಿಲ್ಲ. ಅದಕ್ಕೆ ಕೆನೆಯ ಬಣ್ಣ ಬಂತು, ಮೈಸೂರಿನಿಂದ ಕೆಂಪು ಚರ್ಮದ ಸೀಟು ಬಂತು, ಚಕ್ರದ ಕಡ್ಡಿಗಳಿಗೆ ಬೆಳ್ಳಿಯಂಥ ಲೇಪ ಬಂತು. ಮಡಿಕೇರಿಯ ಪೇಟೆಯಲ್ಲಿ ಅದು ನಿಂತರೆ ಕಚೇರಿಯ ಗುಮಾಸ್ತರು ಕಿಟಕಿಗೆ ಬರುತ್ತಿದ್ದರು. ಒಂದು ಸಂತೆಯ ದಿನ ನಾಣಯ್ಯ ಬೋಲ್ಟು ಕೊಳ್ಳಲು ಹೋಗಿದ್ದಾಗ ಅಂಗಡಿಯ ಕೂಸಪ್ಪ ಕೇಳಿದ: "ಏನ್ ಗೌಡ್ರೆ, ನಡ್ಕೊಂಡು ಬಂದ್ರಾ? ತಮ್ಮ ಕಾರಲ್ಲಿ ಒಂದು ಸೀಟ್ ಕೊಡೋದಿಲ್ವಾ?"

"ಅದು ನಂದೂ ಹೌದು."

"ಹೌದಾ! ನಿಮ್ಮದು ಯಾವ ಭಾಗ?" ಎಂದ ಕೂಸಪ್ಪ, ತೀರ ಮುಗ್ಧವಾಗಿ.

ಆ ಮಾತು ನಾಣಯ್ಯನ ಎದೆಯಲ್ಲಿ ಮುರಿದ ಮುಳ್ಳಾಯಿತು. ಬಾನೆಟ್ಟು ತೆರೆದು ತೋರಿಸದ ಹೊರತು ಅವನ ಪಾಲು ಯಾರಿಗೂ ಕಾಣುವಂಥದ್ದಲ್ಲ. ಅದು ಚೆನ್ನಾಗಿದ್ದಷ್ಟೂ ಯಾರ ಗಮನಕ್ಕೂ ಬಾರದೆ ಇರುತ್ತಿತ್ತು.

ಆಮೇಲೊಂದು ದಿನ ಬಾಗಿಲಿನ ಚಿಲಕ ಸಡಿಲವಾಗಿ ಗಡಗಡ ಎನ್ನುವುದನ್ನು ಕೇಳಲಾರದೆ ನಾಣಯ್ಯ ಅದನ್ನು ಬಿಗಿ ಮಾಡಿದ. ಸ್ಕ್ರೂಡ್ರೈವರ್ ಜಾರಿ ಕೆನೆಬಣ್ಣದ ಮೇಲೆ ಕೂದಲೆಳೆಯಷ್ಟು ಗೀರು ಬಿತ್ತು. ಪೊನ್ನಪ್ಪ ಬೊಳ್ಳಪ್ಪನನ್ನೇ ಕರೆಸಿದ. "ಇಂದ್ ಕಾರಿನ ಬಾಗಿಲಿಗೆ ಕೈ ಹಾಕ್ದ, ನಾಳೆ ನನ್ನ ಮನೆ ಬಾಗಿಲಿಗೆ ಹಾಕುದಿಲ್ಲೆಂತ ಎಂತ ಗ್ಯಾರಂಟಿ?" ಎಂದು ಅಂಗಳದಲ್ಲಿ ನಿಂತು ಕೂಗಿದ. ಹಿರಿಯರ ಎದುರು ಅಣ್ಣ ತಮ್ಮನಿಗೆ ವೀಳ್ಯದೆಲೆ ಹಿಡಿದು ತಪ್ಪಾಯಿತೆನ್ನಬೇಕಾಯಿತು. ನಾಣಯ್ಯ ಅಂದ. ಅದೇ ಅವನು ತಮ್ಮನೊಂದಿಗೆ ಆಡಿದ ಕೊನೆಯ ಮಾತು. ಅಂದಿನಿಂದ ಅಂಗಳದ ಆಚೆಗೂ ಈಚೆಗೂ ಸುದ್ದಿ ಸಾಗಿಸುವ ಕೆಲಸ ಕಮಲನಿಗೆ ಬಿತ್ತು.

ಮಳೆಗಾಲ ಮುಗಿದು ಕಾರು ಕೈ ಬದಲಾಗುವ ದಿನ, ಹಿಂದಿನ ಚಕ್ರದ ಒಳಬದಿಯಲ್ಲಿ ಒಂದು ಒದ್ದೆ ಕಲೆ ನಾಣಯ್ಯನ ಕಣ್ಣಿಗೆ ಬಿತ್ತು. ಬೆರಳಿನಿಂದ ಒರೆಸಿ ಮೂಸಿದ. ಬ್ರೇಕಿನ ಎಣ್ಣೆ. ಚಕ್ರದೊಳಗೆ ಆ ಎಣ್ಣೆಯನ್ನು ತಡೆಯುವ ರಬ್ಬರು ಸೋತಿತ್ತು. ಬದಲಿಸಲು ಒಂದು ಮಧ್ಯಾಹ್ನ ಸಾಕು. ಮಂಗಳೂರಿನಿಂದ ತರಿಸಿದ ಹೊಸ ರಬ್ಬರು ಅವನ ಡಬ್ಬಿಯಲ್ಲಿಯೇ ಇತ್ತು. ಅವನು ಬೆರಳನ್ನು ಚಡ್ಡಿಗೆ ಒರೆಸಿಕೊಂಡು, ಡಬ್ಬಿಯನ್ನು ಮುಟ್ಟದೆ ಎದ್ದ. ಕೇಳಲಿ. ಅಂಗಳ ದಾಟಿ ಬಂದು, ಅಣ್ಣ ಬ್ರೇಕು ನೋಡು ಎಂದು ಒಂದು ಸಲ ಕೇಳಲಿ. ಕೇಳಿದ ಕೂಡಲೇ ಮಾಡಿಕೊಡುತ್ತೇನೆ, ಊಟವನ್ನೂ ಬಿಟ್ಟು ಮಾಡಿಕೊಡುತ್ತೇನೆ. ಇಷ್ಟು ಕಾಲ ಬಾನೆಟ್ಟಿನ ಕೆಳಗೆ ಹೂತಿದ್ದ ತನ್ನ ಇಡೀ ಬದುಕನ್ನು ಆ ಒಂದು ಮಾತು ಹೊರಗೆ ತೆಗೆಯುತ್ತದೆ ಎಂದು ಅವನಿಗೆ ಅನ್ನಿಸಿತ್ತು. ಹೀಗೆ ಕಾಯುವುದರಲ್ಲಿ ಒಂದು ಬಗೆಯ ಸುಖವೂ ಇತ್ತೆಂಬುದನ್ನು ಅವನು ತನಗೆ ತಾನೇ ಒಪ್ಪಿಕೊಳ್ಳಲಿಲ್ಲ. ತಿಂಗಳುಗಳು ಕೈ ಬದಲಾದವು. ಕಲೆ ಅಂಗೈಯಗಲವಾಯಿತು.

ಸಂಪಾಜೆಯಲ್ಲಿದ್ದ ಕಮಲನ ತವರಿನಲ್ಲಿ ಮದುವೆ ಬಂತು. ಪೊನ್ನಪ್ಪನ ಸರದಿ. ಅವನ ಹೆಂಡತಿ ನೀಲಾವತಿ ಬಸುರಿಯಾದ್ದರಿಂದ ಬರುವಂತಿರಲಿಲ್ಲ. ಪಕ್ಕದ ಸೀಟು ಖಾಲಿಯಿತ್ತು. ನಾಣಯ್ಯ ಶೆಡ್ಡಿನಿಂದ ಹೊರಗೆ ಬಂದಾಗ ಕಮಲ ಕೆಂಪು ಚರ್ಮದ ಮೇಲೆ ಕೂತು ಸೆರಗನ್ನು ಬಿಗಿದುಕೊಳ್ಳುತ್ತಿದ್ದಳು. ಮದೆನಾಡಿನಿಂದ ಸಂಪಾಜೆಗೆ ದಾರಿಯೆಂದರೆ ಇಳಿಜಾರೇ. ಘಾಟಿಯುದ್ದಕ್ಕೂ ಒಂದು ಬದಿ ಗುಡ್ಡ, ಇನ್ನೊಂದು ಬದಿ ಕಮರಿ.

"ಇಳಿ," ಎಂದ ನಾಣಯ್ಯ.

"ಯಾಕೆ?"

"ಇಳಿ ಹೇಳ್ದೆ. ಬಸ್ಸಿಲಿ ಹೋಗು."

"ನಿಮ್ಮ ತಿಂಗಳಿಲಿ ಗೋಡೆ ನೋಡ್ಕಂಡ್ ಕೂತೆ. ಇಂದ್ ನಾ ತವರಿಗೆ ಕಾರಿಲಿ ಹೋಕು. ಅಪ್ಪನ ಮನೆಯವು ನೋಡೊಕು."

"ಕಮಲ."

"ಕಾರಣ ಉಟ್ಟಾ? ಹೇಳಿ, ಇಳ್ದನೆ."

ಕಾರಣ ನಾಲಗೆಯ ತುದಿಯಲ್ಲಿತ್ತು. ಪೊನ್ನಪ್ಪ ಸ್ಟೀರಿಂಗಿನ ಮೇಲೆ ಕೈಯಿಟ್ಟು ಅಣ್ಣನ ಬಾಯಿಯನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಒಂದು ನಿರೀಕ್ಷೆ ಇತ್ತು; ನಾಣಯ್ಯ ಅದನ್ನು ಕುಹಕವೆಂದು ಓದಿದ. ಈಗ ಬ್ರೇಕು ಎಂದರೆ ಬ್ರೇಕು ತನ್ನದಾಗುತ್ತದೆ. ಇಷ್ಟು ದಿನ ತನ್ನ ಪಾಲಿನ ಕೆಲಸ ಮಾಡದೆ ಬಿಟ್ಟವನು ತಾನಾಗುತ್ತೇನೆ. ಮತ್ತೆ ಹಿರಿಯರು, ಮತ್ತೆ ವೀಳ್ಯ.

"ನಿನ್ನಿಷ್ಟ," ಎಂದ.

ಎಂಜಿನ್ ಒಂದೇ ಹೊಡೆತಕ್ಕೆ ಎದ್ದಿತು. ಕಮಲ ಹೊಸ ಮದುಮಗಳಂತೆ ತಲೆ ಹೊರಗೆ ಹಾಕಿ ನಕ್ಕಳು.

ಕಾರು ಕಣ್ಣಿಗೆ ಮರೆಯಾದ ಮೇಲೆ ನಾಣಯ್ಯ ಅಂಗಳದಲ್ಲಿ ತುಸು ಹೊತ್ತು ನಿಂತಿದ್ದ. ಆಮೇಲೆ ಒಳಗೆ ಏನೋ ಮುರಿದಂತೆ ಶೆಡ್ಡಿಗೆ ಓಡಿ, ರಬ್ಬರಿನ ಡಬ್ಬಿಯನ್ನೂ ಸ್ಪಾನರನ್ನೂ ಎತ್ತಿಕೊಂಡು ರಸ್ತೆಗೆ ಇಳಿದು, ಮಂಗಳೂರಿಗೆ ದಿಮ್ಮಿ ಒಯ್ಯುತ್ತಿದ್ದ ಲಾರಿಯನ್ನು ಕೈಯಡ್ಡ ಹಿಡಿದು ನಿಲ್ಲಿಸಿದ. "ಎಂಥ ಅವಸರ ಗೌಡ್ರೆ, ಹೆಂಡ್ತಿ ಓಡಿ ಹೋದ್ಲಾ?" ಎಂದು ಡ್ರೈವರ್ ತಮಾಷೆ ಮಾಡಿದ. ನಾಣಯ್ಯ ಮುಂದಿನ ತಿರುವನ್ನೇ ನೋಡುತ್ತ, "ಬೇಗ," ಎಂದಷ್ಟೇ ಹೇಳಿದ.

ಜೋಡುಪಾಲದ ಕೆಳಗಿನ ತಿರುವಿನಲ್ಲಿ ಜನ ಸೇರಿದ್ದರು. ಪೆಡಲು ಸೀದಾ ನೆಲಕ್ಕೆ ಹೋದಾಗ ಪೊನ್ನಪ್ಪ ಗೇರು ಇಳಿಸಲು ನೋಡಿ, ತಪ್ಪಿ, ಕಾರನ್ನು ಯಾವ ಗೇರಿಗೂ ಸಿಗದಂತೆ ಮಾಡಿದ್ದ. ಕಾರು ಗುಡ್ಡಕ್ಕೆ ಬಡಿದು, ರಸ್ತೆಗೆ ಅಡ್ಡ ತಿರುಗಿ, ಕಮರಿಯ ಅಂಚಿನ ಮರಕ್ಕೆ ತಗಲಿ ನಿಂತಿತ್ತು. ಎಡಬದಿ ಪೂರ್ತಿ ನುಗ್ಗಾಗಿತ್ತು. ಅಂಚಿಗೆ ಬಂದ ನಾಣಯ್ಯನ ಕಿವಿಗೆ ಮೊದಲು ಬಿದ್ದದ್ದು ಎಂಜಿನ್ನಿನ ಸದ್ದು. ಅದಿನ್ನೂ ಓಡುತ್ತಿತ್ತು, ಒಂದು ತಡವರಿಕೆಯಿಲ್ಲದೆ, ಒಂದು ಕೆಮ್ಮಿಲ್ಲದೆ, ಮಲಗಿದ ಮಗುವಿನ ಉಸಿರಿನಷ್ಟು ಸಮವಾಗಿ. ಹೆಂಡತಿಯನ್ನು ಹುಡುಕುವುದಕ್ಕೆ ಮುಂಚೆ ಅವನು ನಿಂತು ಅದನ್ನು ಕೇಳಿದ. ಒಂದು ಉಸಿರಿನಷ್ಟು ಹೊತ್ತು, ಅಷ್ಟೇ. ಆ ಹೊತ್ತಿನಲ್ಲಿ ಅವನಿಗೆ ಆದದ್ದು ಹೆಮ್ಮೆ.

ಕಮಲನ ಎರಡೂ ಕಾಲುಗಳು ತಗಡಿನ ಒಳಗಿದ್ದವು.

ಮಡಿಕೇರಿಯ ಆಸ್ಪತ್ರೆಯಲ್ಲಿ ಅವಳಿಗೆ ಪ್ರಜ್ಞೆ ಮರಳಿದಾಗ ಅವಳು ಕಾಲಿನ ಬಗ್ಗೆ ಕೇಳಲಿಲ್ಲ. "ನಿಮಗೆ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತ್."

"ನಂಗೆ ಹೇಳಿಕೆ ನಿಮಗೆ ಎಂತ ಆಗಿತ್ತ್?"

ನಾಣಯ್ಯ ಪಾಲಿನ ಕತೆಯನ್ನು ಮೊದಲಿನಿಂದ ಹೇಳತೊಡಗಿದ. ಒಳಗಿನದು ಯಾವುದು, ಹೊರಗಿನದು ಯಾವುದು, ಬ್ರೇಕು ಹೇಗೆ ಎರಡೂ ಅಲ್ಲ. ಅರ್ಧಕ್ಕೆ ಬರುವಾಗ ಅವಳು ಗೋಡೆಯ ಕಡೆಗೆ ಮುಖ ತಿರುಗಿಸಿದ್ದಳು. ಆದರೂ ಅವನು ಕೊನೆಯ ತನಕ ಹೇಳಿದ.

ಹಿರಿಯರು ಮತ್ತೆ ಸೇರಿದರು. ತಲೆಗೆ ಪಟ್ಟಿ ಕಟ್ಟಿಕೊಂಡಿದ್ದ ಪೊನ್ನಪ್ಪ ಅತ್ತ: "ನಂಗೂ ಗೊತ್ತಿತ್ತ್, ಮಾವ. ಎರಡು ಸಲ ತುಳಿದರೆ ಹಿಡಿತಿತ್ತ್. ಅಣ್ಣನ ಪಾಲಲ್ಲನಾ, ಅಂವನೇ ಮಾಡಲಿ, ಇಲ್ಲೆ ಅಂವನೇ ಬಾಯಿ ಬಿಡ್ಲಿ ಅಂತ ಕಾದೆ. ಕಾರ್ ಹೊರಡಿಕಾಗನೂ ಅವನ ಬಾಯಿ ನೋಡ್ದೆ." ಬೊಳ್ಳಪ್ಪ ದೀರ್ಘವಾಗಿ ಯೋಚಿಸಿದರು. ಓಡಿಸಿದವನು ತಮ್ಮ, ಕಟ್ಟಿಕೊಂಡವನು ಅಣ್ಣ. ಇನ್ನು ಮುಂದೆ ನಡೆಯಲಾಗದ ಹೆಂಗಸಿನ ಹೊರೆ ಒಬ್ಬನ ಮೇಲೆ ಬೀಳುವುದು ನ್ಯಾಯವಲ್ಲ. ಅವರಿಗೆ ಒಂದೇ ಬಗೆಯ ತೀರ್ಪು ಗೊತ್ತಿತ್ತು. ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಅವಳನ್ನು ಕೇಳಬೇಕೆಂದು ಯಾರಿಗೂ ತೋಚಲಿಲ್ಲ.

ನಾಣಯ್ಯನ ತಿಂಗಳಲ್ಲಿ ಕಮಲನ ಬೆನ್ನಿನಲ್ಲಿ ಒಂದು ಹುಣ್ಣು ಏಳಲಿಲ್ಲ. ಅವನು ಹೊತ್ತುಹೊತ್ತಿಗೆ ಅವಳನ್ನು ಹೊರಳಿಸಿದ, ಸತ್ತ ಕಾಲುಗಳಿಗೆ ಎಣ್ಣೆ ತಿಕ್ಕಿದ, ಕೀಲುಗಳನ್ನು ಮಡಚಿ ಬಿಡಿಸಿದ, ಗಾಳಿ ತಗಲೀತೆಂದು ಕಿಟಕಿ ಮುಚ್ಚಿದ. ಅವಳ ಮುಖ ನೋಡಲಿಲ್ಲ. ಪೊನ್ನಪ್ಪನ ತಿಂಗಳಲ್ಲಿ ಅವಳಿಗೆ ಹೊಸ ಸೀರೆ ಬಂತು, ಮುಡಿಯಲು ಹೂ ಬಂತು, ಜಗಲಿಯಲ್ಲಿ ಮೆತ್ತೆ ಹಾಕಿದ ಕುರ್ಚಿ ಬಂತು. ಬಂದ ನೆಂಟರೆಲ್ಲ ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾನೆ ಎಂದರು. ಸೀರೆಯ ಕೆಳಗೆ ಹುಣ್ಣು ಮೂಳೆಯ ತನಕ ಇಳಿಯಿತು.

ಮೂರನೆಯ ಸರದಿ ಬದಲಾಗುವ ಬೆಳಗ್ಗೆ ಕಮಲ ತನ್ನನ್ನು ಕರೆದೊಯ್ಯುವಂತೆ ನೀಲಾವತಿಯ ಕೈಯಲ್ಲಿ ಸಂಪಾಜೆಗೆ ಸುದ್ದಿ ಕಳಿಸಿ ಆಗಿತ್ತು. ಅವಳ ಅಣ್ಣ ಜಯಪ್ಪ ಬಸ್ಸಿನಲ್ಲಿ ಬಂದು, ಅದೇ ಬಸ್ಸು ಮಡಿಕೇರಿಯಿಂದ ಹಿಂತಿರುಗುವುದನ್ನು ಕಾಯುತ್ತ ಕೆಳಗೆ ರಸ್ತೆಯಲ್ಲಿ ನಿಂತಿದ್ದ. ಮನೆಯೊಳಗೆ ಕಾಲಿಡುವುದಿಲ್ಲವೆಂದು ಅವನು ಹೇಳಿಕಳಿಸಿದ್ದ. ಅಂಗಳದಿಂದ ರಸ್ತೆಗೆ ಕಡಿದಾದ ಕಾಲುದಾರಿ. ಕಮಲ ಕೂತಿದ್ದ ಕುರ್ಚಿಯ ಒಂದು ಬದಿಗೆ ನಾಣಯ್ಯ, ಇನ್ನೊಂದು ಬದಿಗೆ ಪೊನ್ನಪ್ಪ ನಿಂತರು. ಇಬ್ಬರೂ ಒಟ್ಟಿಗೆ ಎತ್ತಬೇಕಾದರೆ ಒಬ್ಬನಾದರೂ ಎತ್ತು ಎನ್ನಬೇಕು. ಇಬ್ಬರ ಬಾಯಿಯೂ ತೆರೆಯಲಿಲ್ಲ. ಪೊನ್ನಪ್ಪ ಮೊದಲು ಎತ್ತಿದ, ನಾಣಯ್ಯ ತಡವಾಗಿ; ಕುರ್ಚಿ ವಾಲಿತು, ಕಮಲನ ಕಾಲುಗಳು ಚೀಲದಂತೆ ಒಂದು ಬದಿಗೆ ಜೋತವು, ಬೆನ್ನಿನ ಹುಣ್ಣು ಕುರ್ಚಿಗೆ ಉಜ್ಜಿತು.

"ಇಳಿಸಿ," ಎಂದಳು.

ಇಳಿಸಿದರು.

ಅವಳು ಇಬ್ಬರನ್ನೂ ಒಬ್ಬರಾದ ಮೇಲೆ ಒಬ್ಬರಂತೆ ನೋಡಿದಳು. ಒಬ್ಬ ತನ್ನ ಉಗುರುಗಳನ್ನು ನೋಡುತ್ತಿದ್ದ, ಇನ್ನೊಬ್ಬ ತನ್ನ ಚಪ್ಪಲಿಯನ್ನು.

"ಎತ್ತಿ," ಎಂದಳು.

ಈ ಸಲ ಕುರ್ಚಿ ಸಮನಾಗಿ ಎದ್ದಿತು. ಪ್ರತಿ ತಿರುವಿನಲ್ಲಿ ಅವಳು ಇಳಿಸಿ ಎಂದಳು, ಎತ್ತಿ ಎಂದಳು, ಎಡಕ್ಕೆ ಎಂದಳು. ಅವರು ಮಾಡಿದರು. ರಸ್ತೆ ತಲುಪಿದಾಗ ಬಸ್ಸು ಬಂದು ನಿಂತಿತ್ತು. ಜಯಪ್ಪ ತಂಗಿಯನ್ನು ಮಗುವಿನಂತೆ ತಬ್ಬಿ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದ. ಖಾಲಿ ಕುರ್ಚಿಯ ಎರಡೂ ಬದಿಗೆ ಅಣ್ಣ ತಮ್ಮಂದಿರು ನಿಂತಿದ್ದರು. ಬಸ್ಸು ಘಾಟಿ ಇಳಿಯತೊಡಗಿತು. ಕುರ್ಚಿಯನ್ನು ಮರಳಿ ಮೇಲಕ್ಕೆ ಒಯ್ಯಬೇಕಾದರೆ ಎತ್ತು ಎನ್ನುವವರು ಇನ್ನು ಯಾರೂ ಇರಲಿಲ್ಲ.